ಗುಡ್ಡದ ಈ ಮಗ್ಗುಲು

ಮಾಜಾಳಿ ಚೆಕ್‌ಪೋಸ್ಟಿನ ಹತ್ತಿರ ಕಾಯಿ ಒಡೆದು
(ಅರ್ಧ ನಮಗೆ, ಅರ್ಧ ಪೊಲೀಸನಿಗೆ)
ಹೊರಟದ್ದು ಡಿಸೆಂಬರಿನ ಒಂದು ಸೋಮವಾರ.
ಮಾಬ್ಲುವಿನದು ಮೀನುಪೇಟೆಯ ಹಳೇ ಅಟ್ಲಾಸು.
ನನ್ನದು ಪಕ್ಕದಮನೆ ಪ್ರೇಮಲೆಯ ಮಗಳಿಗೆ
ಎಂಟನೇ ಇಯತ್ತೆಯಲ್ಲಿ ಸರಕಾರ ಕೊಟ್ಟದ್ದು,
ಸೀಟು ಎಷ್ಟು ಏರಿಸಿದರೂ
ಮೊಣಕಾಲು ಹ್ಯಾಂಡಲಿಗೆ ತಾಗುವಂಥದು.

"ಭಟ್ಕಳದ ತನಕ? ಬಸ್ಸಿಲ್ಲವಾ?" ಅಂದ ಪೊಲೀಸ.
"ಬಸ್ಸಿದೆ" ಅಂದ ಮಾಬ್ಲು.
ಅಷ್ಟೇ ಅಂದ.

ಇಪ್ಪತ್ತೊಂಬತ್ತು ವರ್ಷ ಬೈತಖೋಲದ ಟ್ರಾಲರಿನ
ಎಂಜಿನ್ನಿಗೆ ತಾಗಿ ಕೂತವನು.
ಈ ದಂಡೆಯ ಊರೆಲ್ಲ ಅವನಿಗೆ ರಾತ್ರಿಯ ದೀಪ.
ಮೂರು ಹಳದಿ, ಒಂದು ಬಿಳಿ ಕಂಡರೆ ಬೇಲೇಕೇರಿ.
ಏನೂ ಕಾಣದಿದ್ದರೆ, ಕರೆಂಟು ಹೋದ ಹಾರವಾಡ.
ನಾನೋ ಅಂಕೋಲೆಯ ಆಚೆ ಹೋದವಳೇ ಅಲ್ಲ.
ಸೊಸೈಟಿಯ ತಕ್ಕಡಿ, ಬಂಗಡೆಯ ಲೆಕ್ಕ, ಮನೆ.

ಬಿಣಗಾ ಏರಿನಲ್ಲಿ ಸೈಕಲ್ಲು ನೂಕುತ್ತ
ನಿಂತು ನಿಂತು ನೋಡಿದ.
"ಈ ಗುಡ್ಡ ನನಗೆ ಗೊತ್ತು ಮಾರಾಯ್ತಿ,
ಸಮುದ್ರದಿಂದ ಕಂಡರೆ ಕೂತ ಎಮ್ಮೆ.
ಇದರ ಬೆನ್ನು ನೋಡಿದ್ದು ಇವತ್ತೇ."

ಬೆನ್ನು ನನಗೆ ಹೊಸತಲ್ಲ.
ಪೇಟೆಗೆ, ಆಸ್ಪತ್ರೆಗೆ, ಮದುವೆ ಮನೆಗೆ
ನಾಲ್ಕು ಮಾರು ಮುಂದೆ ಅವನು, ಹಿಂದೆ ನಾನು.
ಈಗ ಅದೇ ಬೆನ್ನು, ಚಕ್ರದ ಮೇಲೆ.

ಬುಟ್ಟಿಯಲ್ಲಿ ಒಣಸಿಗಡಿಯ ಪೊಟ್ಟಣ.
ಅವರ್ಸೆಯ ನಾಯಿಗಳು ಹಟ್ಟಿಕೇರಿಯ ತನಕ ಬಂದು
ಅಲ್ಲಿಯ ನಾಯಿಗಳಿಗೆ ನಮ್ಮನ್ನು ಒಪ್ಪಿಸಿ ಹೋದವು.

ಲಾರಿಗಳ ನಡುವೆ ಮಾತು ಸಾಗುವುದಿಲ್ಲವೆಂದು
ಬೆಲ್ಲಿನ ಒಪ್ಪಂದ ಮಾಡಿಕೊಂಡಿದ್ದೆವು.
ಒಂದು ಸಲ ಹೊಡೆದರೆ ನಿಲ್ಲು.
ಎರಡು ಸಲ, ನೀರು ಬೇಕು.
ಮೂರು ಸಲವಾದರೆ, ಎಂತ ಇಲ್ಲ, ಸುಮ್ಮನೆ.

ಮಾದನಗೇರಿಯ ಹತ್ತಿರ ನನ್ನ ಹಿಂದಿನ ಚಕ್ರ ಉಸಿರು ಬಿಟ್ಟಿತು.
ಒಂದು ಹೊಡೆದೆ.
ಇನ್ನೊಂದು ಒಂದು.
ಆಮೇಲೆ ಲೆಕ್ಕ ಬಿಟ್ಟು ಹೊಡೆದೆ.
ಬೆನ್ನು ಸಣ್ಣದಾಗುತ್ತ ಹೋಯಿತು,
ತಿರುವಿನಲ್ಲಿ ಮುಗಿಯಿತು.

ಅರ್ಧ ತಾಸಿನ ಮೇಲೆ ಬಂದ,
ಎರಡು ಎಳನೀರು ಹಿಡಿದು, ನಗುತ್ತ.
ಆ ರಾತ್ರಿ ಗೋಕರ್ಣದ ಖೋಲಿಯಲ್ಲಿ
ನಾನು ಗೋಡೆಯ ಕಡೆ ಮಲಗಿದೆ.
ಎರಡೂ ಎಳನೀರು ಅವನೇ ಕುಡಿದ.

ತದಡಿಯಲ್ಲಿ ಬೆಳಗಿನ ಬಾರ್ಜು.
ಸೈಕಲ್ಲುಗಳನ್ನು ಒಂದಕ್ಕೊಂದು ಹಗ್ಗದಲ್ಲಿ ಬಿಗಿದ.
ಕಬ್ಬಿಣದ ಕಂಬಿಯ ಮೇಲೆ ಅಂಗೈ ಇಟ್ಟು
ಕಣ್ಣು ಮುಚ್ಚಿ ನಿಂತ.
"ಎರಡನೇ ಸಿಲಿಂಡರು ಹೊಡೀತಾ ಇಲ್ಲ" ಅಂದ.
ಬಾರ್ಜಿನವನು ಬೆರಗಾಗಿ ಹೌದೆಂದ.

ಅಂಗೈ.
ಕಿವಿಯಲ್ಲ, ಅಂಗೈ.

ನಾನು ಮೆಲ್ಲಗೆ ಅವನ ಬಲಕ್ಕೆ ಹೋಗಿ
ನನ್ನ ಸೈಕಲ್ಲಿನ ಬೆಲ್ಲು ಒಂದು ಸಲ ಒತ್ತಿದೆ.
ಯಾರದೋ ಸೊಂಟದ ಮೇಲಿದ್ದ ಕೂಸು ತಿರುಗಿ ನೋಡಿತು.
ಒಂದು ಗಂಡಸು ಬೀಡಿ ಇಳಿಸಿ ನೋಡಿದ.
ಮಾಬ್ಲು ಅಳಿವೆಯ ಕಡೆ ನೋಡುತ್ತಲೇ ಇದ್ದ.

ಎದುರು ಹೋಗಿ ನಿಂತೆ, ತುಟಿ ಕಾಣುವಂತೆ.
"ಯಾವಾಗಿಂದ?"
"ಎಂತದು?" ಅಂದ ಮೊದಲು.
ದಡ ಹತ್ತಿರವಾದ ಮೇಲೆ ಅಂದ:
"ಮನೆಗೆ ಬಂದರೂ ಆ ಎಂಜಿನ್ನು
ಇದರೊಳಗೆ ನಿಲ್ಲಲೇ ಇಲ್ಲ.
ನೀನು ಕರೆದದ್ದೆಲ್ಲ ಅದರಡಿಗೆ ಹೋಯಿತು."

ಎಷ್ಟು ವರ್ಷ ನಾನು ಅಡುಗೆಮನೆಯಿಂದ ಕೂಗಿ
ಉತ್ತರ ಬಾರದ್ದಕ್ಕೆ ಪಾತ್ರೆ ಕುಕ್ಕಿದ್ದೆ.
ಅದನ್ನೂ ಅವನು ಕೇಳಿರಲಿಕ್ಕಿಲ್ಲ.

ಅಘನಾಶಿನಿಯ ದಡದಲ್ಲಿ ಹಗ್ಗ ಬಿಚ್ಚುವಾಗ
ನನ್ನ ಸೈಕಲ್ಲು ಮೊದಲು ಇಳಿಸಿದೆ.
"ನಾನು ಮುಂದೆ" ಅಂದೆ. ಬೆರಳು ತೋರಿಸಿದೆ.

ಕುಮಟೆ ದಾಟಿತು. ಧಾರೇಶ್ವರದ ಗಾಳಿ ಸೆರಗು ಬಿಡಲಿಲ್ಲ.
ಮುಂದೆ ಹೋಗುವವರಿಗೆ ರಸ್ತೆ ಇಷ್ಟು ಅಗಲವೆಂದು
ಯಾರೂ ನನಗೆ ಹೇಳಿರಲಿಲ್ಲ.
ನಿಂತರೆ ಅವನೂ ನಿಲ್ಲುತ್ತಿದ್ದ.
ಲಾರಿ ಬಂದರೆ ಎಡಗೈ ಬೀಸುತ್ತಿದ್ದೆ.

ಹೊನ್ನಾವರದ ಸೇತುವೆಯ ನಟ್ಟನಡುವೆ, ಕೆಳಗೆ ಶರಾವತಿ,
ಹಿಂದಿನಿಂದ ಬೆಲ್ಲು.
ಒಂದು. ಎರಡು.
ಮೂರು.

ಕಾಸರಕೋಡಿನಲ್ಲಿ ಚಹಾ ಕುಡಿಯುವಾಗ ಹೇಳಿದ:
"ನಿನ್ನ ಕತ್ತಿನ ಹಿಂದೆ ಒಂದು ಮಚ್ಚೆ ಇದೆ, ಗೊತ್ತಿತ್ತಾ?"
"ಹೇಗಿದೆ, ಕೂತ ಎಮ್ಮೆಯಾ?"
ಅಂದೆ, ಲೋಟದೊಳಗೆ, ಮೆಲ್ಲಗೆ.

"ಹಾಂ?" ಅಂದ ಅವನು,
ಎಡಗಿವಿ ತಿರುಗಿಸಿ.